ಇಪ್ಪತ್ತರ ಲೆಕ್ಕ

ಮೂವತ್ತೊಂದು ವರ್ಷ ಲಾರಿ ತೂಗಿದವಳು ನಾನು, ನೆರಿಸ್,
ವೇಲ್ಸಿನ ಒಂದು ಕಲ್ಲುಗಣಿಯ ಬಾಗಿಲಲ್ಲಿ.
ತಗಡಿನ ಕೋಣೆ, ಒಂದು ಕಿಟಕಿ, ಒಂದು ಕೆಟಲು.
ಬರುವಾಗ ಖಾಲಿ, ಹೋಗುವಾಗ ಸ್ಲೇಟು,
ನಡುವಿನ ವ್ಯತ್ಯಾಸವೇ ನನ್ನ ಸಂಬಳ.

ನಿವೃತ್ತಿಯ ಇಡಿಗಂಟು ಬಂತು.
ಅಡಿಗೆಮನೆ ಹೊಸದು ಮಾಡಿಸು ಅಂದಳು ಅಕ್ಕ ಮಾಬ್ಲಿ.
ನಾನು ಚೆಸ್ಟರಿಗೆ ಹೋಗಿ
ಬಾಗಿಲೇ ಇಲ್ಲದ ಕಾರೊಂದರ ಪಕ್ಕ ನಿಂತೆ.
ಸೊಂಟಕ್ಕೂ ಬಾರದ ಗಿಡ್ಡ,
ಲಾರಿಯ ಒಂದು ಟೈರಿಗೆ ಹೆದರುವ ಜಾತಿ.

ಗೆಥಿನ್ ಎಂಬ ಹುಡುಗ ಪಟ್ಟಿ ಹರಡಿದ. ನಾಲ್ಕು ಪುಟ.
ಸಾಲಿಗೊಂದು ಚೌಕ, ಚೌಕದ ಎದುರು ದುಡ್ಡು.
ತೂಕ ಎಲ್ಲಿ? ಅಂದೆ.
ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಒಂದೊಂದಕ್ಕೂ ಬರೆದುಕೊಟ್ಟ, ಪಾಪ, ಒಂದು ಗಂಟೆ.

ನೆಲಹಾಸು: ಎರಡು ಕಿಲೋ ಎಂಟುನೂರು. ಬೇಡ.
ಹೆಚ್ಚುವರಿ ಚಕ್ರ: ಹದಿನಾಲ್ಕು. ಬೇಡ.
ಪಂಚರಾದರೆ? ಫೋನಿದೆ, ಕಾಲಿದೆ.
ಬಣ್ಣ. ಬಣ್ಣಕ್ಕೂ ತೂಕವಿದೆ ಅಂತ
ಅವತ್ತೇ ಗೊತ್ತಾದದ್ದು ನನಗೆ!
ಅಲ್ಯೂಮಿನಿಯಂ ಬೆತ್ತಲೆಯೇ ಇರಲಿ,
ಮೂಗಿಗೆ ಮಾತ್ರ ಒಂದಿಷ್ಟು ಹಸಿರು.

ತಿರುವಿನಲ್ಲಿ ಒಳಚಕ್ರ ಸುಮ್ಮನೆ ಗಿರಕಿ ಹೊಡೆಯದಂತೆ
ಹಿಡಿದಿಡುವ ಡಿಫರೆನ್ಶಿಯಲ್: ಬೇಕು. ಭಾರವಾದರೂ ಬೇಕು.
ಕೆಲವು ಭಾರ ದುಡಿಯುತ್ತವೆ,
ಕೆಲವು ಕೂತು ಉಣ್ಣುತ್ತವೆ.
ತಲೆಯ ಹಿಂದಿನ ಉಕ್ಕಿನ ಕಮಾನಿಗೆ
ಚರ್ಚೆಯೇ ಇಲ್ಲ.

ಮುಂದಿನ ಗಾಜಿನ ಹತ್ತಿರ ಪೆನ್ನು ನಿಂತಿತು.
ಆಂಗ್ಲ್‌ಸೀಯ ಟ್ರ್ಯಾಕಿನಲ್ಲಿ ಅದು ಗಾಳಿಗೆ ಗೋಡೆ;
ಆದರೆ ಟ್ರ್ಯಾಕಿಗೆ ಹೋಗಬೇಕಲ್ಲ,
ಲಾನ್‌ಬೆರಿಸ್ ಕಣಿವೆಯ ಮಳೆ,
ಡಾಂಬರಿನ ಮೇಲೆ ಮಲಗಿದ ಕುರಿ,
ಮುಂದಿನ ಟ್ರಾಕ್ಟರಿನಿಂದ ಹಾರುವ ಸಗಣಿ.
ಹೆಲ್ಮೆಟ್ಟು ಹಾಕಿದ ನಾನು, ತರಕಾರಿ ಚೀಲ ಹಿಡಿದ ನಾನು,
ಒಂದೇ ಪೆನ್ನಿಗೆ ಕೈಹಾಕಿ ಕಿತ್ತಾಡಿದೆವು.
ಗಾಜು ಬಂತು.

ಹೀಟರ್: ಏಳು ಕಿಲೋ.
ಗುರುತು ಹಾಕಿದೆ, ಹೊಡೆದುಹಾಕಿದೆ,
ಮತ್ತೆ ಹಾಕಿದೆ. ಕಾಗದ ತೂತಾಯಿತು.
ಫೋನಿನಲ್ಲಿ ಮಾಬ್ಲಿ ಕೇಳಿದಳು,
ನನ್ನ ಮಂಡಿಗೆ ಯಾವ ಚೌಕ?
ಹೊಡೆದುಹಾಕಿದೆ.

ಕಾರ್ಬನ್ನಿನ ಮಡ್‌ಗಾರ್ಡು ಹಾಕಿಸಿದರೆ
ಒಂದು ಕಿಲೋ ಏಳುನೂರು ಉಳಿತಾಯ, ಸಾವಿರದಿನ್ನೂರು ಪೌಂಡಿಗೆ.
ಅದಕ್ಕಿಂತ ಅಗ್ಗದ ದಾರಿ ಅಂದರೆ, ಮೇಡಂ,
ಅಂತ ಶುರುಮಾಡಿದ ಗೆಥಿನ್
ನನ್ನ ಹೊಟ್ಟೆ ನೋಡಿ, ಕೆಂಪಗಾಗಿ,
ಕಿಟಕಿಯಾಚೆ ಏನನ್ನೋ ಹುಡುಕತೊಡಗಿದ.
ಬಿಸ್ಕತ್ತು ಬಿಟ್ಟೆ. ಹನ್ನೊಂದು ದಿನ.

ಜೂನಿನಲ್ಲಿ ಕಾರು ಬಂತು.
ಭಾನುವಾರ, ಗಣಿಗೆ ರಜೆ,
ಹಿಂದಿರುಗಿಸಲು ಮರೆತ ಕೀಲಿಕೈ ನನ್ನಲ್ಲಿತ್ತು.
ನಲವತ್ತು ಟನ್ನಿನ ವೇಬ್ರಿಜ್ಜಿನ ಮೇಲೆ
ತಟ್ಟೆಯಲ್ಲೊಂದು ಸಾಸಿವೆಯ ಹಾಗೆ
ಕಾರು ನಿಲ್ಲಿಸಿ, ಇಳಿದು ಆಚೆ ಬಂದೆ.
ನನ್ನ ಕಿಟಕಿಯೊಳಗೆ ಅಕ್ಕ.
ಐನೂರ ಅರವತ್ತು! ಅಂತ ಕೂಗಿದಳು.

ಆಗ ನೆನಪಾಯಿತು.
ಈ ಯಂತ್ರ ಇಪ್ಪತ್ತು ಇಪ್ಪತ್ತರಲ್ಲಿ ಎಣಿಸುತ್ತದೆ.
ನಡುವಿನದು ಅದರ ಕಣ್ಣಿಗೆ ಬೀಳುವುದಿಲ್ಲ,
ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ
ಗೋಡೆಯ ಮೇಲೆ ಓದಿದ ಫಲಕ ಅದು.
ನೆಲಹಾಸು, ಬಣ್ಣ, ಗ್ರಾಂ ಗ್ರಾಂ ಕೂಡಿಸಿಟ್ಟ ಜಿಪುಣತನ
ಎಲ್ಲ ಒಂದು ಅಂಕಿಯ ಮಡಿಲಲ್ಲಿ ಮಲಗಿಬಿಟ್ಟಿದೆ.

ಕಿಟಕಿ ತಟ್ಟಿದಳು ಮಾಬ್ಲಿ,
ಹೀಟರ್ ಇದ್ದಿದ್ದರೆ ಎಷ್ಟು ತೋರಿಸುತ್ತಿತ್ತು?
ಬಹುಶಃ ಇಷ್ಟೇ, ಅಂದೆ, ಶೂ ನೋಡುತ್ತಾ.

ಅಷ್ಟರಲ್ಲಿ ಮೆನಾಯ್ ಕಡೆಯಿಂದ ಮೋಡ ಕವಿಯಿತು.
ಅವಳು ಏನೂ ಅನ್ನಲಿಲ್ಲ. ಸ್ವೆಟರಿನ ಮೇಲೆ
ಇನ್ನೊಂದು ಸ್ವೆಟರು ಹಾಕಿಕೊಂಡು
ಎಡಗಡೆಯ ಸೀಟಿಗೆ ಇಳಿದು ಕೂತಳು.
ಅದನ್ನು ಮಾತ್ರ ನಾನು ತೂಗಲಿಲ್ಲ.