ಆಬೋಲಿ

ಕೋಡಿಬಾಗದಲ್ಲಿ ಗುನಗಿಯವರ ಎರಡನೇ ಮಾಳಿಗೆ ಎದ್ದ ವರ್ಷ
ನಮ್ಮ ಹಿತ್ತಿಲ ಬಿಸಿಲು ಹತ್ತು ಗಂಟೆಗೇ ಮುಗಿಯಿತು.
ದಾಸವಾಳ ಮುನಿದು ಬರೀ ಎಲೆಯಾಯಿತು.
ಅತ್ತೆ ಒಂದು ಮಾತೂ ಆಡಲಿಲ್ಲ.
ಸದಾಶಿವಗಡದ ತಂಗಿಯ ಮನೆಯಿಂದ
ಒದ್ದೆ ಚಿಂದಿಯಲ್ಲಿ ಸುತ್ತಿ ನಾಲ್ಕು ಗಿಡ ತಂದರು:
ಅಬ್ಬಲಿಗೆ.
ಕೊಂಕಣಿಯಲ್ಲಿ ಆಬೋಲಿ,
ಮಾತಾಡದವಳು.

ಬಂಗಡೆ ತೊಳೆದ ನೀರು, ಗೋಡೆಯ ನೆರಳು,
ಸಾಕು ಅದಕ್ಕೆ.
ವಾಸನೆಯಿಲ್ಲ. ಮುಡಿದರೆ
ಎರಡು ದಿನ ಬಾಡುವುದಿಲ್ಲ, ಹಟ.

ಇವತ್ತು ಮೊದಲ ಮಳೆ.
ಒಣಗಿದ ತೆನೆಗೆ ಹನಿ ತಾಗಿದ್ದೇ
ಚಟ್.
ಚಟ್ ಚಟ್.
ಬೀಜ ನನ್ನ ಕೆನ್ನೆಗೆ, ತಾಮ್ರದ ಕೊಡಕ್ಕೆ,
ಗುನಗಿಯವರ ಕಿಟಕಿಯ ಗಾಜಿಗೆ.

ಅತ್ತೆ ಮೆಟ್ಟಿಲ ಮೇಲೆ ಕೂತು
ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳುತ್ತಿದ್ದಾರೆ,
ಆಡದೆ ಉಳಿದ ಜಗಳವನ್ನು
ಯಾರೋ ತನ್ನ ಪರವಾಗಿ
ಆಡುತ್ತಿರುವ ಹಾಗೆ.