ಬೆರಳು ತೆಗೆಯುವ ಮುನ್ನ

ಲಕೋಟೆ ನನ್ನ ಹೆಸರಿಗೇ ಬಂದಿದೆ. ಗ್ಲೆನಿಸ್‌ಗೂ ಬಂದಿದೆಯಂತೆ.
ಮೊತ್ತ ಎಷ್ಟೆಂದು ಇಬ್ಬರೂ ಬಾಯಿಬಿಡುತ್ತಿಲ್ಲ.

ವೆಲಿಂಗ್ಟನ್ನಿನ ಗೋಪುರ. ಗಾಜಿಗೆ ಹೆಗಲು ಕೊಟ್ಟು ನೂಕುವ ಗಾಳಿ.
ರನ್‌ವೇಯ ಎರಡೂ ತುದಿಗೆ ಸಮುದ್ರ.

ಸಹಿ ಹಾಕಿದರೆ ವರ್ಷಕ್ಕೆ ಆರು ಸಾವಿರ ಹೆಚ್ಚು;
ರಾತ್ರಿಪಾಳಿಯ ಭತ್ಯೆ ಅದರಲ್ಲೇ ಕರಗಿತು ಎನ್ನುತ್ತದೆ
ಏಳನೇ ಪುಟದ ಸಣ್ಣಕ್ಷರ.
ಸುಳ್ಳೇಕೆ, ಆ ಆರು ಸಾವಿರವನ್ನು ಆಗಲೇ
ಮಗಳ ಹಲ್ಲಿನ ತಂತಿಗೆ ಖರ್ಚು ಮಾಡಿಬಿಟ್ಟಿದ್ದೇನೆ,
ಮನಸ್ಸಿನಲ್ಲಿ.

"ಒಟ್ಟು ಒಪ್ಪಂದದಲ್ಲಿ ನಿನ್ನ ನಿದ್ದೆಗೂ ಒಂದು ಕಲಮು ಇತ್ತು"
ಎಂದ ರೇವಿ, ಚಹಾ ಕಲಕುತ್ತ. ಅಷ್ಟೇ.

ನೆಲ್ಸನ್ನಿನಿಂದ ಬಂದ ಪುಟ್ಟ ವಿಮಾನ ಓಲಾಡಿ
ಇಳಿಯಲಾರದೆ ಮತ್ತೆ ಮೇಲೇರಿತು.
ಅದರ ಕಾಗದದ ಪಟ್ಟಿಯನ್ನು ಗ್ಲೆನಿಸ್ ಕಡೆ ಸರಿಸಿದೆ.
ಅವಳು ಬೆರಳಿಟ್ಟು ಹಿಡಿಯುವ ತನಕ
ನನ್ನ ಬೆರಳು ತೆಗೆಯಲಿಲ್ಲ.

ಲಕೋಟೆ ಜೇಬಿನಲ್ಲಿದೆ. ಶುಕ್ರವಾರ ಕಡೆಯ ದಿನ.