ಯಾರೂ ಬರೆಯದ ಹದಿನೆಂಟು ವರ್ಷ

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಯಾರ ಬೆರಳು ನೋಡಿದರೂ ನೀಲಿ.
ಜೀನ್ಸಿನ ಬಣ್ಣ, ಸೋಪಿಗೆ ಜಗ್ಗುವುದಿಲ್ಲ.
ಸಂಜೆ ಪ್ರಾರ್ಥನೆಗೆ ತೆರೆಯುವ ದಪ್ಪ ಪುಸ್ತಕದಲ್ಲೂ
ನನ್ನ ಹೆಬ್ಬೆರಳ ಗುರುತು ಹೆಚ್ಚು ಬಿದ್ದ ಪುಟಗಳೇ
ನಾನು ಹೆಚ್ಚು ಸಲ ಅತ್ತ ಪುಟಗಳು.

ತಬಿತಾ ಈ ವರ್ಷ ಐದನೇ ಕ್ಲಾಸು.
ಪರೀಕ್ಷೆಯ ಹಿಂದಿನ ರಾತ್ರಿ ನಾನೇ ಹೇಳಿದ್ದೆ:
"ಮೊಣಕಾಲೂರು, ಕೇಳು, ಕೊಡ್ತಾನೆ."
ಊರಿದಳು. ಕೇಳಿದಳು.
ಭಾಗಾಕಾರದಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂತು.

ಆ ಪೇಪರನ್ನು ಮಡಚಿ ಮಡಚಿ
ಬೆಂಕಿಪೊಟ್ಟಣದಷ್ಟು ಮಾಡಿ
ಬಾಬಿನ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.
ನನ್ನ ಕೈಗೆ ಸಿಕ್ಕಾಗ ಅಳಲಿಲ್ಲ, ಸಿಟ್ಟಾದಳು:
"ನಾ ಕೇಳಿದ್ನಲ್ಲವ್ವ.
ಆತ ಕೇಳಿಸ್ಕೊಂಡನಾ, ಇಲ್ವಾ?"

ನಾನು ಏಳನೆಯದಕ್ಕೇ ಶಾಲೆ ಬಿಟ್ಟವಳು.
ಪಾಸ್ಟರಯ್ಯನವರನ್ನು ಕೇಳಬಹುದಿತ್ತು,
ಅವರು ಶುರು ಮಾಡಿದರೆ ತಾಸು ಹಿಡಿಯುತ್ತಾರೆ.
ದೇವಸಹಾಯಂ ವಾಷಿಂಗ್ ಯೂನಿಟ್ಟಿನಿಂದ ಬಂದು
ತುತ್ತು ಕೈಯಲ್ಲಿರುವಾಗಲೇ ತೂಕಡಿಸುತ್ತಾರೆ.
ಎರಡು ದಿನ ಅವಳ ಮುಖ ನೋಡದೆ ಹೊಲಿದೆ.

ಮೂರನೇ ದಿನ ಒಂದು ಡಜನ್ ಪ್ಯಾಂಟು ವಾಪಸ್ಸು ಬಂದವು,
ಜಿಪ್ಪು ಸೊಟ್ಟ ಅಂತ.
ರಾತ್ರಿ ಬಲ್ಬಿನ ಕೆಳಗೆ ಬಿಚ್ಚುತ್ತ ಕೂತೆ.
ಎದುರಿಗೆ ಅವಳು, ನಾನೂರ ಮೂವತ್ತೆಂಟನ್ನು
ಏಳರಿಂದ ಭಾಗಿಸಲಾರದೆ
ರಬ್ಬರು ಉಜ್ಜಿ ಉಜ್ಜಿ ಹಾಳೆಯನ್ನೇ ಹರಿದಳು.

"ತಬಿತಾ, ಯೇಸು ಹನ್ನೆರಡರ ಹುಡುಗ ಇದ್ದಾಗ
ದೇವಾಲಯದಾಗ ಕುಂತು ದೊಡ್ಡೋರನ್ನ ಪ್ರಶ್ನೆ ಕೇಳಿದ.
ಅದು ಬರ್ದೈತೆ. ಮೂವತ್ತಕ್ಕೆ ಹೊಳಿಗೆ ಇಳಿದ,
ಅದೂ ಬರ್ದೈತೆ.
ನಡುವೆ ಹದಿನೆಂಟು ವರ್ಷ?"

"ಗೊತ್ತಿಲ್ಲ."

"ಯಾರೂ ಬರ್ದಿಲ್ಲ.
ಬಡಗಿ ಮನಿ. ಕೆಲಸ ಕಲೀತಿದ್ದ.
ಮೊದಲ್ನೇ ಬಾಗಿಲು ಚೌಕಟ್ಟಿಗೆ ಕುಂತಿರಾಂಗಿಲ್ಲ.
ಬಿಚ್ಚಿರ್ತಾನೆ, ಮತ್ತೆ ರಂದಾ ಎಳ್ದಿರ್ತಾನೆ.
ಒಂದು ಮಾತು ಆಡಿದ್ರೆ ಬಾಗಿಲು ತಾನೇ ಆಗ್ತಿತ್ತು.
ಆಡ್ಲಿಲ್ಲ ನೋಡು, ಆ ಮಾತು."

ಹೇಳುವಾಗ ಯಾರಿಗೆ ಹೇಳುತ್ತಿದ್ದೇನೆಂದು
ನನಗೂ ಸರಿಯಾಗಿ ತಿಳಿಯಲಿಲ್ಲ.
ಬೆರಳಿಗೆ ಸೂಜಿ ಚುಚ್ಚಿತು, ಅಷ್ಟೇ ನೆನಪು.

ಅವಳು ಬಿಚ್ಚಿದ ಪ್ಯಾಂಟನ್ನು ಎತ್ತಿ
ಬಲ್ಬಿಗೆ ಹಿಡಿದಳು.
ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಬೆಳಗಿದವು,
ಇರುವೆ ಗಾತ್ರದ ನಕ್ಷತ್ರಗಳು.
"ಇವು ಹೋಗಲ್ವಾ?"
"ಪೂರಾ ಹೋಗಲ್ಲ."
ತುಸು ಹೊತ್ತು ಸುಮ್ಮನಿದ್ದು ಅಂದಳು:
"ಆತನ ಕೈಯಾಗೂ ಇದ್ವಲ್ಲವ್ವ, ಎದ್ದ ಮ್ಯಾಲೂ."

ಪಾಸ್ಟರಯ್ಯ ಒಪ್ಪುತ್ತಾರೋ ಇಲ್ಲವೋ.
ಇದನ್ನು ನಾನಂತೂ ಕಲಿಸಿದ್ದಲ್ಲ.

ರಬ್ಬರನ್ನು ತೆಗೆದು ನನ್ನ ಸೆರಗಿಗೆ ಕಟ್ಟಿಕೊಂಡೆ.
"ಅಳಿಸಬ್ಯಾಡ. ತಪ್ಪಿದ್ದಕ್ಕೆ ಅಡ್ಡಗೆರಿ ಹೊಡಿ.
ಎಲ್ಲಿ ತಪ್ಪೀತು ಅನ್ನೋದು ಕಣ್ಣಿಗೆ ಕಾಣ್ಲಿ."
ಒಂದು ಅಡ್ಡಗೆರೆ. ಎರಡು.
ಏಳಾರಲೆ ಅನ್ನುವಲ್ಲೇ ಅವಳ ನಾಲಿಗೆ
ಪ್ರತಿ ಸಲ ನಲವತ್ತಾರಕ್ಕೆ ಜಾರುತ್ತಿತ್ತು.
ಹಾರ್ನು ಹೊಡೆಯುತ್ತ ಗೂಡ್ಸು ಗಾಡಿಯೊಂದು
ಊರು ದಾಟಿ ಹೋಯಿತು, ಅದಿರು ಹೊತ್ತು.
ಮೂರನೇ ಅಡ್ಡಗೆರೆ. ನನ್ನದು ಏಳನೇ ಜಿಪ್ಪು.

ಹನ್ನೊಂದು ದಾಟಿದ ಮೇಲೆ,
ತುದಿ ಮೊಂಡಾದ ಪೆನ್ಸಿಲಿನಲ್ಲಿ, ಅರವತ್ತೆರಡು.
ಶೇಷ ನಾಲ್ಕು.
"ಮತ್ತೆ ನಾಲ್ಕೇ ಬಂತವ್ವ!" ಅಂತ ನಕ್ಕಳು.
ಎರಡು ದಿನದಲ್ಲಿ ಮೊದಲ ಸಲ.

ಮಲಗುವ ಮುಂಚೆ ಮೊಣಕಾಲೂರಿ,
ನಾನು ಹೇಳಿಕೊಡುವ ಮೊದಲೇ ಶುರು ಮಾಡಿದಳು:
"ಸ್ವಾಮಿ, ಉತ್ತರ ನಾನೇ ಮಾಡ್ಕೊಂತೀನಿ.
ನೀನು ಕರೆಂಟು ತೆಗೀಬ್ಯಾಡ, ಅಷ್ಟೇ.
ಅಪ್ಪನ ಕೆಮ್ಮು ನೋಡ್ಕೋ.
ಆಮೆನ್."

ಆಮೆನ್ ಅಂದು ದೀಪ ಆರಿಸಲು ಎದ್ದವಳು
ಮತ್ತೆ ಕೂತೆ.
ನನಗಿನ್ನೂ ಐದು ಬಾಕಿ ಇದ್ದವು.